ಕಣ್ಣಿನ ಕೋಣೆಯ ಸಾಲು

ನೆಂದ ಉಣ್ಣೆಯ ವಾಸನೆ, ಯಾರ ಹೊದಿಕೆಯೋ, ತನ್ನದೇ ಇರಬೇಕು, ಬೊಗೊಟಾದ ಈ ಜಿನುಗು ಮಳೆ ಆಸ್ಪತ್ರೆಯ ಬಾಗಿಲವರೆಗೂ ಬೆನ್ನು ಬಿಡಲಿಲ್ಲ, ಒಳಗೆ ಎದೆಗೆ ಕಟ್ಟಿದ ಮಗಳು ದಾಯ್ರಾ ಮಾತ್ರ ನೆನೆಯದೆ ಬೆಚ್ಚಗಿದ್ದಾಳೆ, ಕಪ್ಪೆಮರಿಯ ಹಾಗೆ ಕೈಕಾಲು ಮಡಚಿಕೊಂಡು — ಉಸಿರು ಇದೆ, ಈಗ ಇದೆ, ಯೂರಾನಿ ಪಟ್ಟಿಯೊಳಗೆ ಬೆರಳು ತೂರಿಸಿ ಮತ್ತೆ ಮುಟ್ಟಿ ನೋಡುತ್ತಾಳೆ, ಏಳು ತಿಂಗಳೂ ತುಂಬದೆ ಹುಟ್ಟಿದ ಕೂಸು, ಉಸಿರಾಡೋದನ್ನೇ ಮರೆತುಬಿಡುತ್ತೆ ಮಮಿ, ನಿಮ್ಮ ಎದೆ ಏರಿಳಿದ್ರೆ ಅದಕ್ಕೂ ನೆನಪಾಗುತ್ತೆ, ಹಗಲೂ ರಾತ್ರಿ ಬಿಚ್ಚಬೇಡಿ ಅಂದಿದ್ದಳು ಎಲ್ಲ ತಾಯಂದಿರನ್ನೂ ಮಮಿ ಎಂದೇ ಕರೆಯುವ ನರ್ಸ್ ಮಾರ್ಲೆನಿ, ಅಂದಿನಿಂದ ಯೂರಾನಿ ಉದ್ದಕ್ಕೆ ಮೈಚಾಚಿಲ್ಲ, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ, ಅದೂ ಕೋಳಿನಿದ್ದೆ, ಒಮ್ಮೆ ಬೋರಲು ಮಲಗಬೇಕು, ಮೈಮೇಲೆ ಯಾರೂ ಇಲ್ಲದೆ ಬೋರಲು ಮಲಗಬೇಕು, ತಲೆಗೆ ಬಿಸಿನೀರು ಸುರಿದುಕೊಳ್ಳಬೇಕು, ಛೆ, ಹೆತ್ತವಳು ಹೀಗೆ ಯೋಚಿಸುತ್ತಾಳೆಯೇ, ಯೋಚಿಸುತ್ತಾಳೆ, ಕಟ್ಟಿದ ಹಸುವೂ ಒಮ್ಮೊಮ್ಮೆ ಹಗ್ಗ ಜಗ್ಗುತ್ತದೆ. ಪಕ್ಕದಲ್ಲಿ ಗಂಡ ವೀಲ್ಮರ್, ಮಡಿಲಲ್ಲಿ ಮಗುವಿನ ಆಮ್ಲಜನಕದ ಪುಟ್ಟ ಸಿಲಿಂಡರು.

ಕಣ್ಣು ನೋಡುವ ಕೋಣೆಯ ಬಾಗಿಲು ತೆರೆಯಿತು, ಸಂದಿಯಲ್ಲಿ ಕಂಡಿತು, ಯಾರದೋ ಮಗು, ರೆಪ್ಪೆ ಮುಚ್ಚದಂತೆ ತಂತಿಯ ಕೊಕ್ಕೆ, ಕೊಕ್ಕೆಯ ನಡುವೆ ಒಂದು ಕಣ್ಣು, ಒದ್ದೆ, ಇಷ್ಟಗಲ — ನೋಡ್ಬೇಡ ಕಣೇ ಆ ಕಡೆ ಅಂದಳು ಮುಂದಿನ ಕುರ್ಚಿಯ ಹೆಂಗಸು, ಕೂಸು ಆಮೇಲೆ ಮರೆತುಬಿಡುತ್ತೆ, ನಾವು ಮರೆಯಲ್ಲ. ಈ ಪರೀಕ್ಷೆಗೆ ಹೋದ ವಾರವೇ ಬರಬೇಕಿತ್ತು. ಹೊರಟೂ ಆಗಿತ್ತು, ಆದರೆ ಅತ್ತೆ ದೋನ್ಯಾ ಎಡಿಲ್ಮಾ ಬಾಗಿಲಿಗೆ ಅಡ್ಡ ನಿಂತರು, ಹಸಿ ಬಾಣಂತಿ ನೀನು, ನಲವತ್ತು ದಿನ ಹೊಸಲು ದಾಟೋ ಹಾಗಿಲ್ಲ, ಈ ಥಂಡೀಲಿ ಮೂಳೆಗೆ ಶೀತ ಇಳಿದ್ರೆ ಸಾಯೋವರೆಗೂ ತಲೆನೋವು, ಅತ್ತೆ, ನಲವತ್ತು ಎಂದೋ ಆಯ್ತಲ್ಲ, ಅದೆಲ್ಲಿ ಆಯ್ತು ತಾಯಿ, ಆಸ್ಪತ್ರೇಲಿ ಕಳೆದದ್ದು ಬಾಣಂತನಾನಾ, ಮನೆಗೆ ಬಂದ ದಿನದಿಂದ ಲೆಕ್ಕ, ನನ್ನ ಮಕ್ಕಳ ಕಣ್ಣು ಯಾವ ಡಾಕ್ಟ್ರು ನೋಡಿದ್ರು ಹೇಳು, ಎನ್ನುತ್ತಲೇ ಸೊಸೆಯ ಕಿವಿಗೆ ಹತ್ತಿ ತುರುಕಿ, ಮಗುವಿನ ಮುಂಗೈಗೆ ದೃಷ್ಟಿಯ ಕರಿಮಣಿ ಕಟ್ಟಿ, ಕೋಳಿಸಾರು ಚಮಚದಲ್ಲಿ ಬಾಯಿಗಿಟ್ಟರು, ಹೆತ್ತಮ್ಮನೂ ಹಾಗೆ ಉಣಿಸಿರಲಿಲ್ಲ, ಸಿಟ್ಟಾಗುವುದಾದರೂ ಹೇಗೆ, ವೀಲ್ಮರ್‌ಗೆ ಅತ್ತ ದರಿ ಇತ್ತ ಪುಲಿ, ಒಂದು ವಾರ ತಾನೇ, ಮುಂದಿನ ವಾರ ಹೋಗೋಣ, ಅಮ್ಮ ಹೇಳಿದ್ದು ಕೇಳು ಅಂದುಬಿಟ್ಟ, ಅವಳೂ ಸಾರು ಕುಡಿದಳು, ಬೆಚ್ಚಗಿತ್ತು, ನಿದ್ದೆ ಬಂತು. ಇವತ್ತು ಮಾರ್ಲೆನಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣಿನ ಹಿಂದೆ ರಕ್ತನಾಳ ದಿಕ್ಕು ತಪ್ಪಿ ಬೆಳೆಯುತ್ತೆ ಮಮಿ, ಬೆಳೀತಾ ಬೆಳೀತಾ ಕಣ್ಣಿನ ಒಳಪರದೇನೇ ಕಿತ್ತು ಬರುತ್ತೆ, ಕಣ್ಣೇ ಹೋಗುತ್ತೆ, ಅದಕ್ಕೆ ಒಂದು ವಾರ ಬೇಕಾದಷ್ಟಾಯ್ತು ಅಂದಳು. ಮೂಗಿನ ನಳಿಗೆಯಲ್ಲಿ ಹೋಗುವ ಆಮ್ಲಜನಕವೂ ಹಾಗೆಯೇ ಅಂತೆ, ಕಮ್ಮಿಯಾದರೆ ಉಸಿರಿಗೆ ಸಂಚಕಾರ, ಹೆಚ್ಚಾದರೆ ಕಣ್ಣಿಗೆ, ಎಲ್ಲಿಗೆ ಓಡುವುದು, ಓಡಿದರೂ ಇವಳನ್ನು ಕಟ್ಟಿಕೊಂಡೇ ಓಡಬೇಕು.

ದಾಯ್ರಾಳ ಅಮ್ಮಾ ಬನ್ನಿ. ಒಳಗೆ ಕತ್ತಲು, ಡಾಕ್ಟರ ಹಣೆಯಲ್ಲಿ ದೀಪ, ಎದೆಯ ಮೇಲೇ ಇರಲಿ ಅಂದರು, ಮಾರ್ಲೆನಿ ಪುಟ್ಟ ತಲೆಯನ್ನು ಹಿಡಿದಳು, ಕೊಕ್ಕೆ, ಕೂಗು, ಇಷ್ಟು ಸಣ್ಣ ಎದೆಯಿಂದ ಇಷ್ಟು ದೊಡ್ಡ ಕೂಗು, ಆ ಕಣ್ಣು, ಇದು ಯಾರದೋ ಮಗುವಿನದಲ್ಲ, ಡಾಕ್ಟರ ಮುಖ ಕಾಣುವುದಿಲ್ಲ, ದೀಪವಷ್ಟೇ ಕಾಣುತ್ತದೆ, ಏನಾದರೂ ಹೇಳಬಾರದೇ, ಎಡಗಣ್ಣು ಪರವಾಗಿಲ್ಲ, ದೇವರೇ, ಮತ್ತೆ ಕೊಕ್ಕೆ, ಮತ್ತೆ ದೀಪ, ಬಲಗಣ್ಣು ಬಿಡೋ ಹಾಗಿಲ್ಲ, ಲೇಸರ್ ಇವತ್ತೇ ಆಗ್ಬೇಕು, ಈಗಲೇ. ಕಾಣ್ಸುತ್ತಾ ಡಾಕ್ಟ್ರೇ ಅಂತ ಕೇಳಿದ್ದು ವೀಲ್ಮರ್, ಉಳಿಸ್ಕೊಳ್ಳೋಕೇ ನೋಡ್ತೀವಪ್ಪ, ಮಾತು ಕೊಡಲಾರೆ ಅಂದರು ಡಾಕ್ಟರು, ಪಟ್ಟಿ ಬಿಚ್ಚಿ ಮಮಿ ಅಂದಳು ಮಾರ್ಲೆನಿ. ಬಿಚ್ಚಿ. ಎಷ್ಟು ದಿನದಿಂದ ಈ ಒಂದು ಮಾತಿಗೆ ಬಾಯಿ ಬಿಟ್ಟು ಕಾದಿದ್ದಳು, ಈಗ ಗಂಟು ಕೈಯಲ್ಲಿದೆ, ಬೆರಳು ಏಳುತ್ತಿಲ್ಲ, ಅಲ್ಲಿ ಉಸಿರು ಯಾರು ನೆನಪಿಸ್ತಾರೆ, ಯಂತ್ರ ಇದೆ ಮಮಿ, ಯಂತ್ರ, ವೀಲ್ಮರ್‌ನ ಕೈ ಬಂತು, ಗಂಟು ಸಡಿಲವಾಯಿತು, ಬೆವರಿದ ಎದೆಗೆ ತಣ್ಣನೆ ಗಾಳಿ, ಬಾಗಿಲು, ದಾಯ್ರಾಳನ್ನು ಎತ್ತಿಕೊಂಡು ಹೋದರು, ಮನೆಗೆ ಹೋಗಿ ಸ್ವಲ್ಪ ಮಲಗಿ ಮಮಿ, ಇನ್ನೂ ಹೊತ್ತಾಗುತ್ತೆ ಅಂತ ಯಾರೋ ಅನ್ನುತ್ತಾರೆ, ಮಲಗಬಹುದು, ಈಗ ಬೋರಲು ಮಲಗಬಹುದು, ಮೈ ಹಗುರ, ಎಷ್ಟು ಹಗುರ, ಖಾಲಿ ಎದೆ ತನ್ನಷ್ಟಕ್ಕೆ ಏರುತ್ತಿದೆ ಇಳಿಯುತ್ತಿದೆ, ಯಾರಿಗಾಗಿ, ಆ ಕಣ್ಣು, ಬಲಗಣ್ಣು, ಕೊಕ್ಕೆಯ ನಡುವೆ ಅಗಲವಾಗಿ, ತನ್ನ ಮುಖದ ಕಡೆಗೇ ತಿರುಗಿತ್ತು, ಅಮ್ಮ ಕಂಡಳೋ, ದೀಪ ಕಂಡಿತೋ, ಏನೂ ಕಾಣಲಿಲ್ಲವೋ, ಮುಚ್ಚಲಾಗದ ಆ ಕಣ್ಣು, ಕೊಕ್ಕೆಯ ನಡುವೆ, ಆ ಕಣ್ಣು