ಓರಜ್‌ನ ಬೆನ್ನಿನ ಮೇಲಿನ ಬರಹ

ನನ್ನ ಗಂಡ ಓರಜ್‌ನದು ಕೈಕಾಲಿನ ಶಕ್ತಿ ಒಂದೊಂದಾಗಿ ಉಡುಗಿಹೋಗುವ ನರದ ಕಾಯಿಲೆ. ಅಲ್ಮಾಟಿಯ ಆಸ್ಪತ್ರೆಯೊಂದರಲ್ಲಿ ಬೆನ್ನು ಕೊಯ್ದು ಬೆನ್ನುಹುರಿಗೆ ಹೊಸ ಜೀವಕೋಶ ಸೇರಿಸುವ ಪ್ರಯೋಗ ನಡೆಯುತ್ತಿತ್ತು. ಡಾಕ್ಟರ್ ಅಸಿಯಾ ಮುಚ್ಚುಮರೆ ಮಾಡಲಿಲ್ಲ. ಗುಣವಾಗುವ ಭರವಸೆಯಿಲ್ಲ, ಇನ್ನಷ್ಟು ಕೆಡಲೂಬಹುದು ಎಂದರು. ನಾಳೆ ಶಸ್ತ್ರಚಿಕಿತ್ಸೆ. ಇವತ್ತು ಸಂಜೆಯೊಳಗೆ ಸಹಿ ಮಾಡದಿದ್ದರೆ ಜಾಗ ಇನ್ನೊಬ್ಬರ ಪಾಲು. ಈ ಮನುಷ್ಯ ಪೆನ್ನು ಮುಟ್ಟಲೊಲ್ಲ.

“ನಾನಾಗಲೇ ಸತ್ತಿದ್ದೀನಿ ಕಣೆ,” ಅಂದ. “ತೋಲೆಗೆನ್ ನನಗೆ ‘ನೀವು’ ಅಂತಾನೆ.”

ಕೇಳಿ ಮೈಯೆಲ್ಲ ಉರಿಯಿತು, ಆದರೆ ಮಾತು ಸುಳ್ಳಲ್ಲ. ತೋಲೆಗೆನ್ ಅವನ ಕುರ್ದಾಸ್, ಅಂದರೆ ಓರಗೆಯವನು. ನಮ್ಮಲ್ಲಿ ಒಂದೇ ವರ್ಷ ಹುಟ್ಟಿದವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೋಳು ಹೊಯ್ದುಕೊಳ್ಳಬಹುದು, ಸಿಟ್ಟಾಗುವಂತಿಲ್ಲ. ನಮ್ಮ ಮದುವೆಯ ದಿನ ಮದುಮಗನ ಪ್ಯಾಂಟನ್ನು ಒಂಟೆಯ ಕೊರಳಿಗೆ ಕಟ್ಟಿ ಊರೆಲ್ಲ ಓಡಿಸಿದವನು ಇವನೇ. ಕಾಯಿಲೆಯ ಸುದ್ದಿ ಕೇಳಿದಾಗಿನಿಂದ ಸಾವಿನ ಮನೆಗೆ ಬಂದವನಂತೆ ದನಿ ತಗ್ಗಿಸಿ ಕೂರುತ್ತಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ತೋಲೆಗೆನ್‌ನನ್ನು ಹಿಡಿದು ನಿಲ್ಲಿಸಿದೆ. “ನಿನ್ನ ನಾಲಿಗೆಗೇನು ಬಂದಿದೆ? ಒಂದ್ಸಲ ಬೈಯೋ ಅವನನ್ನ.”

“ಬಾಯೇ ಬರಲ್ಲ ಅತ್ತಿಗೆ. ಮುಖ ನೋಡಿದ್ರೆ ಅಳು ಬರುತ್ತೆ.”

“ಹಾಗಾದ್ರೆ ಮುಖ ನೋಡ್ಬೇಡ. ಹೋಗಿ ಬೆನ್ನು ಉಜ್ಜಿ ಸ್ನಾನ ಮಾಡಿಸು.”

ಅರ್ಧ ಗಂಟೆ ಬಚ್ಚಲ ಬಾಗಿಲು ಮುಚ್ಚಿತ್ತು. ಹೊರಬಂದ ತೋಲೆಗೆನ್ ಚಹಾದ ನೆಪ ಹೇಳಿ ಜಾರಿಕೊಂಡ. ಅವನ ಬೆರಳೆಲ್ಲ ಹಸಿರಾಗಿತ್ತು.

ಮಧ್ಯಾಹ್ನ ಡಾಕ್ಟರ್ ಬೆನ್ನು ಪರೀಕ್ಷಿಸಲೆಂದು ಓರಜ್‌ನ ಅಂಗಿ ಎತ್ತಿದವರು ಹಾಗೇ ನಿಂತುಬಿಟ್ಟರು. ಹೆಗಲಿನಿಂದ ಸೊಂಟದವರೆಗೆ ದಪ್ಪ ದಪ್ಪ ಅಕ್ಷರ. ಬರೆದದ್ದು ಗಾಯಕ್ಕೆ ಹಚ್ಚುವ ಹಸಿರು ಔಷಧಿಯಲ್ಲಿ, ವಾರವಿಡೀ ಉಜ್ಜಿದರೂ ಹೋಗದಂಥದ್ದು.

“ಯಾರ ಕೆಲಸ ಇದು?”

“ಅವರ ಕುರ್ದಾಸ್‌ದು,” ಅಂದೆ ನೆಲ ನೋಡುತ್ತ.

ಡಾಕ್ಟರಿಗೆ ಅಷ್ಟೇ ಸಾಕಾಯಿತು. “ಸ್ಪಿರಿಟ್ ತಾ, ಜಾಸ್ತಿನೇ ತಾ,” ಎಂದು ನರ್ಸನ್ನು ಅಟ್ಟಿದರು.

“ಮದ್ದು ಅಂತ ಹೇಳಿ ಹಚ್ಚಿದ್ನಲ್ಲ, ಬಡ್ಡಿಮಗ,” ಅಂದ ಓರಜ್. “ಏನ್ ಬರ್ದಿದಾನೆ, ಓದೇ.”

ಓದಿದೆ: “ಡಾಕ್ಟರಮ್ಮ, ಮೆಲ್ಲಗೆ ಕೊಯ್ಯಿರಿ. ಈ ಹೊಟ್ಟೆಬಾಕ ನುಂಗಿದ ನನ್ನ ಕುರಿಗಳೆಲ್ಲ ಒಳಗಿವೆ, ಬೆದರಿ ಓಡಿಹೋದಾವು.”

ಅವನ ಹೆಗಲು ಅಲುಗಿತು. ಅಳುತ್ತಿದ್ದಾನೆಂದು ಹೆದರಿದೆ. ಇಲ್ಲ, ಉಸಿರು ಸಾಲದೆ ಕೆಮ್ಮುತ್ತ ಕೆಮ್ಮುತ್ತ ನಗುತ್ತಿದ್ದ. ಆ ವರ್ಷವೆಲ್ಲ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

“ಕಾಗದ ಕೊಡಿ,” ಅಂದ.

“ಇದ್ರಿಂದ ಏನೂ ಉಪಯೋಗ ಆಗ್ದೇನೂ ಇರ್ಬಹುದು ಅಣ್ಣ,” ಎಂದರು ಡಾಕ್ಟರ್ ಮತ್ತೊಮ್ಮೆ.

“ಗೊತ್ತಮ್ಮ.” ಪೆನ್ನು ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು. “ಸತ್ತವನ ಬೆನ್ನ ಮೇಲೆ ಯಾರೂ ಹೀಗೆ ಬರೆಯಲ್ಲ.”