ಕುರಿತಲೆ ಬೆಂದ ಪಾತ್ರೆ

ಪೀಪಾಯಿಯ ಮುಚ್ಚಳ ತೆಗೆದ ಕೂಡಲೇ ಬಿಯರ್ ಕೆಟ್ಟಿದೆಯೆಂದು ನನ್ನ ಮೂಗಿಗೆ ಗೊತ್ತಾಯಿತು. ಪರಿಮಳಕ್ಕೆಂದು ಹಾಕಿದ ಜುನಿಪರ್ ಸೊಪ್ಪಿನ ಘಮದ ಅಡಿಯಿಂದ ಹಳಸಿದ ಕೊಬ್ಬಿನ ನಾತ ಎದ್ದು ಬಂತು. ಮೊಮ್ಮಗಳ ದೀಕ್ಷಾಸ್ನಾನಕ್ಕೆಂದು ಕಾಯಿಸಿದ ಬಿಯರ್ ಅದು. ನಮ್ಮ ವೊಸ್ ಕಡೆ ಅಂಥ ದಿನ ಅಂಗಡಿಯ ಬಿಯರ್ ಇಟ್ಟರೆ ಊರವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಮೈದುನ ಸ್ಯೂರ್ ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಚೆನ್ನಾಗಿಯೇ ಇದೆ ಎಂದ. ಅವನ ಮೀಸೆಯಲ್ಲಿ ಜಿಡ್ಡು ಹೊಳೆಯುತ್ತಿತ್ತು.

ಕಾಯಿಸುವ ಮುಂಚೆ ದೊಡ್ಡ ಸ್ಟೀಲ್ ಪಾತ್ರೆಯನ್ನು ನಾನೇ ತೊಳೆದಿದ್ದೆ. ಒಳಗೆ ಮುಖ ಕಾಣುವಷ್ಟು ಹೊಳಪಿತ್ತು. ತಳದ ನಲ್ಲಿಯನ್ನು ಪ್ರತಿ ಸಲ ಬಿಚ್ಚಿ ತೊಳೆದು, ಒಣಗಿಸಿಯೇ ಎತ್ತಿಡುವವಳು ನಾನು. ಹಾಗಾಗಿ ಈ ಸಲ ಅದನ್ನು ಮುಟ್ಟಿರಲಿಲ್ಲ. ಈಗ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಬೂದುಬಣ್ಣದ ಲೋಳೆ ಜಾರಿ ಬೆರಳಿಗೆ ಅಂಟಿತು. ವಾಷರಿನ ಸುತ್ತ ಹಳೇ ಕೊಬ್ಬು, ಅದರಲ್ಲಿ ಸುಟ್ಟ ಉಣ್ಣೆಯ ಎಳೆ, ಒಂದು ಕುರಿಹಲ್ಲು.

ನಾನು ಮಗಳ ಬಾಣಂತನಕ್ಕೆ ಬರ್ಗನ್ ನಗರಕ್ಕೆ ಹೋಗಿದ್ದಾಗ ಸ್ಯೂರ್ ಪಾತ್ರೆ ಒಯ್ದು ಅದರಲ್ಲಿ ಕುರಿತಲೆ ಬೇಯಿಸಿದ್ದನಂತೆ. ಕೇಳಿದರೆ ಅವನೇನೂ ಮುಚ್ಚಿಡಲಿಲ್ಲ.

"ತೊಳೆದೇ ಇಟ್ಟಿದ್ನಲ್ಲ ಅತ್ತಿಗೆ. ಸ್ಟೀಲು ತಾನೆ, ಅದೇನು ವಾಸನೆ ಹಿಡ್ಕೊಳ್ಳುತ್ತಾ?"

"ನಲ್ಲಿ ಬಿಚ್ಚಿದ್ಯಾ?"

"ನಲ್ಲೀನೂ ಬಿಚ್ತಾರಾ?"

ಹಲ್ಲನ್ನು ಅವನ ಅಂಗೈಯಲ್ಲಿಟ್ಟೆ. "ಈಗ ಕುಡಿದ್ಯಲ್ಲ, ಇದರ ಕಷಾಯಾನೇ."

ಅವನು ಅದನ್ನು ಹೊರಳಿಸಿ ನೋಡಿದ. ಮುಖ ಬಿಳಿಚಿಕೊಂಡಿತು. ಅಂಗಳಕ್ಕೆ ಓಡಿ ಹಿಮದ ಮೇಲೆ ಕಾರಿಕೊಂಡ. ನಾಯಿ ಅದನ್ನು ಮೂಸಲು ಹೋದಾಗ ನಾನು ಬಾಗಿಲು ಹಾಕಿಕೊಂಡೆ.

ಅಷ್ಟೂ ಬಿಯರನ್ನು ಚರಂಡಿಗೆ ಸುರಿದೆವು. ಅದರೊಂದಿಗೆ ಸಲದಿಂದ ಸಲಕ್ಕೆ ಎತ್ತಿಟ್ಟುಕೊಂಡು ಬಂದಿದ್ದ ನಮ್ಮ ಮನೆಯ ಹಳೇ ಯೀಸ್ಟಿನ ಹುದುಗೂ ಹೋಯಿತು. ಪಕ್ಕದ ಮನೆಯ ಹೆರ್ಬ್ಯೋರ್ಗ್ ತನ್ನದರಲ್ಲಿ ಒಂದಿಷ್ಟು ಕೊಟ್ಟಳು. ಪಾತ್ರೆ ಉಜ್ಜುವ ಕೆಲಸ ಸ್ಯೂರ್‌ನ ಪಾಲಿಗೆ. ಅವನು ತಂತಿಬ್ರಷ್ ಹಿಡಿದು ಬಂದ. ಕಿತ್ತುಕೊಂಡು ಮೆತ್ತನೆ ಬಟ್ಟೆ ಕೊಟ್ಟೆ. ಗೀರು ಬಿದ್ದರೆ ಕೊಳೆ ಅಲ್ಲೇ ಬೀಡುಬಿಡುತ್ತದೆ. ನಲ್ಲಿಯ ಬಿಡಿಭಾಗಗಳನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿದೆವು. ಕರಗಿದ ಕೊಬ್ಬು ನೊರೆಯಾಗಿ ಮೇಲೆದ್ದಿತು; ಅಡುಗೆಮನೆ ಕಸಾಯಿಖಾನೆಯಂತೆ ನಾರಿತು. ಅವನು ಮೂಗಿಗೆ ಟವೆಲ್ ಕಟ್ಟಿಕೊಂಡು ನೊರೆ ತೆಗೆದು ಚೆಲ್ಲಿದ. ವಾಷರನ್ನು ಎಸೆದು ಹೊಸದು ಹಾಕಿದೆ.

ಎರಡನೆಯ ಬಿಯರ್ ಚೆನ್ನಾಗಿ ಬಂತು. ಚರ್ಚಿನಿಂದ ಬಂದವರೆಲ್ಲ ಮತ್ತೆ ಮತ್ತೆ ತುಂಬಿಸಿಕೊಂಡರು. ಬೀಗರು ನನ್ನ ಕೈಗುಣವನ್ನು ಹೊಗಳಿ, ನೀವೂ ಒಂದು ಗುಟುಕು ತಗೊಳ್ಳಿ ಎಂದು ಬಲವಂತ ಮಾಡಿದರು. ಲೋಟವನ್ನು ತುಟಿಯ ತನಕ ತಂದೆ, ಆ ಕುರಿಹಲ್ಲು ನೆನಪಾಯಿತು. ಅದನ್ನು ಮೇಜಿನ ಮೇಲಿಟ್ಟು ಕಾಫಿ ಬಗ್ಗಿಸಿಕೊಂಡೆ.