ಒಂದು ಗುಳ್ಳೆಯೂ ಇಲ್ಲ

ಗುಮಾಸ್ತ ಪದವಿಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೈಯಲ್ಲಿದ್ದ ಮೊಹರನ್ನು ಮೇಜಿನ ಮೇಲಿಟ್ಟ.

"ಇದಕ್ಕೆ ಲ್ಯಾಮಿನೇಶನ್ ಮಾಡಿದ್ದು ಯಾರಮ್ಮ?"

ಮಗಳು ತಂದೆಯ ಕಡೆ ನೋಡಿದಳು. ಅವನು ಒಂದು ಹೆಜ್ಜೆ ಮುಂದೆ ಬಂದ. "ನಾನೇ ಸ್ವಾಮಿ. ನಲವತ್ತು ವರ್ಷದಿಂದ ಪುಸ್ತಕಕ್ಕೆ ರಟ್ಟು ಕಟ್ತಿದ್ದೀನಿ. ನೋಡಿ ಬೇಕಾದ್ರೆ, ಒಂದು ಗುಳ್ಳೆಯೂ ಇಲ್ಲ."

"ಅದೇ ಬಂದಿರೋ ಕಷ್ಟ ಯಜಮಾನ್ರೇ. ಹೊರದೇಶದ ಪದವಿ ಇಲ್ಲಿ ನಡೀಬೇಕು ಅಂದ್ರೆ ಮೂಲಪತ್ರದ ಬೆನ್ನಿಗೆ ನಮ್ಮ ಮೊಹರು ಬೀಳ್ಬೇಕು. ಕಾಗದದ ಮೇಲೆ. ಇದರ ಮೇಲೆ ಒತ್ತಿದ್ರೆ ತಾವರೆ ಎಲೆಗೆ ನೀರು ಹೊಯ್ದ ಹಾಗೆ."

ಹಾಗೆಂದರೂ ಪಾಪ, ಒಂದು ಸಲ ಒತ್ತಿಯೇ ನೋಡಿದ. ಹೆಬ್ಬೆರಳಿನಿಂದ ಉಜ್ಜಿದಾಗ ನೀಲಿ ಶಾಯಿಯೆಲ್ಲ ಬೆರಳಿಗೇ ಬಂತು.

"ಕಾಲೇಜಿಂದ ಇನ್ನೊಂದು ಪತ್ರ ತರಿಸಿ."

"ಅದಕ್ಕೆ ಎಂಟು ತಿಂಗಳು ಬೇಕು ಸಾರ್. ಆಸ್ಪತ್ರೆಯವರು ನಾಳೆವರೆಗೆ ಮಾತ್ರ ಕಾಯ್ತಾರೆ."

"ನಾನು ಬರೀ ಮೊಹರು ಒತ್ತೋನು, ತಾಯಿ."

ಕೃತಕ ಕಾಲು ಜೋಡಿಸುವ ವಿದ್ಯೆ ಕಲಿತು ಅವಳು ಮರಳಿ ಬಂದು ಹನ್ನೊಂದು ತಿಂಗಳಾಗಿತ್ತು. ಹೋದಲ್ಲೆಲ್ಲ, "ಇಷ್ಟು ಓದಿದೋರಿಗೆ ನಮ್ಮಲ್ಲೇನಿದೆ ಕೆಲಸ?" ಅನ್ನುವವರೇ. ಇದೊಂದು ಆಸ್ಪತ್ರೆ ಹೂಂ ಅಂದಿತ್ತು. ಅವಳು ಬಂದ ವಾರವೇ ತಂದೆ ಒಂದು ಮಾತೂ ಕೇಳದೆ ಆ ಪತ್ರವನ್ನು ದೇವರ ಮುಂದಿಟ್ಟು ಕೈಮುಗಿದು, ಅಂಗಡಿಯ ಯಂತ್ರದೊಳಗೆ ತೂರಿಸಿದ್ದ. ಊರವರ ಪುಸ್ತಕಗಳನ್ನೆಲ್ಲ ಹುಳದ ಬಾಯಿಂದ ಉಳಿಸಿದವನಿಗೆ ಮಗಳದೊಂದು ಕಾಗದ ಹೆಚ್ಚೇ?

ವರಾಂಡಕ್ಕೆ ಬಂದ ಮೇಲೆ ಮಗಳು ಕೇಳಿದಳು, "ಬಿಡಿಸೋಕೆ ಬರುತ್ತಾ ಅಪ್ಪಾ?"

ಗಿರಾಕಿಗಳು ಹೀಗೆ ಕೇಳಿದಾಗಲೆಲ್ಲ, "ಚರ್ಮ ಸುಲಿದ್ರೆ ಜೀವ ಉಳಿಯುತ್ತಾ?" ಎಂದು ಅವನು ನಗುತ್ತಿದ್ದ. ಈಗ ಪತ್ರವನ್ನು ಕೈಗೆ ತೆಗೆದುಕೊಂಡು ಅಂಚನ್ನು ಉಗುರಿನಿಂದ ಮೀಟಿ ನೋಡಿದ.

"ಅಕ್ಷರಾನೂ ಜೊತೆಗೇ ಎದ್ದು ಬರುತ್ತೆ ಮಗಾ," ಎಂದ. "ನಿಮ್ಮಮ್ಮ ಇದ್ದಿದ್ರೆ ನನ್ನ ಕೈ ಹಿಡಿದು ನಿಲ್ಲಿಸ್ತಿದ್ಳು."

"ಅಮ್ಮ ಇದ್ದಿದ್ರೆ ಮೇಲೊಂದು ಚೌಕಟ್ಟೂ ಹಾಕಿಸ್ತಿದ್ಳು. ಬಿಡಪ್ಪ."

ಅವಳು ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು.

"ಡಾಕ್ಟ್ರೇ, ನಾಳೆ ಆಗೋದಿಲ್ಲ... ಎಂಟು ತಿಂಗಳು... ಹೌದು, ಬೇರೆಯವರನ್ನೇ ತಗೊಳ್ಳಿ... ಇಲ್ಲ ಇಲ್ಲ, ಯಾರದೂ ತಪ್ಪಿಲ್ಲ."

ತಂದೆ ಬೆಂಚಿನ ತುದಿಯಲ್ಲಿ ಕೂತು, ತನ್ನ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ.